ಕೂಸನ್ನು ಹೊತ್ತೊಯ್ದ ಬೆಕ್ಕು: 1867ರ ಒಂದು ಸಾಲಿನ ಕಥೆ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ಓದ್ಕೋತೀವಿ ಅನ್ನೋರಿಗೆ. ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯವನ್ನೂ ಇಲ್ಲಿ ಸೇರಿಸಿದ್ದೀನಿ.

ಪ್ರಶ್ನೆ ಕಳಿಸಿದ್ದು ಮಣಲಿ ನ್ಯೂ ಟೌನ್‌ನಲ್ಲಿರೋ ಒಬ್ಬ ಕನ್ನಡದ ತಾಯಿ. ಗ್ರೌಂಡ್ ಫ್ಲೋರ್ ಮನೆ, ಹಿಂದುಗಡೆ ಜೊಂಡು ಬೆಳೆದ ಖಾಲಿ ಸೈಟು, ಮನೆಯಲ್ಲಿ ಏಳು ತಿಂಗಳ ಮಗು. ಅವರ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ರಾತ್ರಿ ಮಸುಕು ಫೋಟೋ ಬಂತಂತೆ, ಕೆಳಗೆ "ಪುಲಿ ವಂದಿರುಕ್ಕು" ಅಂತ. ಬೆಳಗ್ಗೆ ಇನ್ನೊಬ್ಬರು, ಅದು ಪುಲಿ ಅಲ್ಲ, ಕಾಟ್ಟು ಪೂನೈ, ಕಾಡುಬೆಕ್ಕು ಅಂದರು. ಎಲ್ಲರಿಗೂ ಸಮಾಧಾನ ಆಯ್ತು ಅನ್ನೋಷ್ಟರಲ್ಲಿ ಮೂರನೆಯವರು ನೆಟ್ ಹುಡುಕಿ, ಕಾಡುಬೆಕ್ಕು ಹಸುಗೂಸನ್ನು ಹೊತ್ತುಕೊಂಡು ಹೋದ ದಾಖಲೆ ಇದೆ ಅಂತ ಒಂದು ಲಿಂಕ್ ಹಾಕಿದರು. ನಾಲ್ಕನೆಯವರು ವಿಷ ಇಡೋಣ ಅಂದರು. ಇವರು ನನಗೆ ಬರೆದಿದ್ದು ಇಷ್ಟೇ: "ಅಣ್ಣಾ, ಅದು ನಿಜಾನಾ? ವಿಷಕ್ಕೆ ನಾನೂ ಹೂಂ ಅನ್ನಲಾ?"

ನಾನೂ ಇಲ್ಲೇ ಹತ್ತಿರ, ಮಾತ್ತೂರಿನಲ್ಲಿ ಇರೋದು. ನನ್ನ ಕೆಲಸ ಕಾರ್ಖಾನೆಗಳ ಕಂಟ್ರೋಲ್ ರೂಮ್ ಸಾಫ್ಟ್‌ವೇರ್‌ದು, ಹಾಗಾಗಿ ನಿಮ್ಮೆಲ್ಲರ ಹಾಗೆ ಓಎಂಆರ್ ಕಡೆ ಬಾಡಿಗೆ ಹಿಡಿಯೋ ಯೋಗ ಇರಲಿಲ್ಲ. ಮೊದಲು ನೇರ ಉತ್ತರ ಹೇಳಿಬಿಡ್ತೀನಿ. ವಿಷ ಬೇಡ. ನಮ್ಮ ಕಡೆಯ ಸಣ್ಣ ಕಾಡುಬೆಕ್ಕುಗಳು ಮನುಷ್ಯರನ್ನು ಬೇಟೆ ಆಡೋ ಪ್ರಾಣಿಗಳಲ್ಲ. ಅಪಾಯ ಒಂದು ಇದೆ, ಆದರೆ ಅದು ಹೊತ್ತೊಯ್ಯೋ ಅಪಾಯ ಅಲ್ಲ, ಕಚ್ಚೋ ಅಪಾಯ. ಆದರೆ ಆ "ದಾಖಲೆ ಇದೆ" ಅನ್ನೋ ಮಾತಿದೆಯಲ್ಲ, ಅದು ಪೂರ್ತಿ ಸುಳ್ಳೂ ಅಲ್ಲ. ದಾಖಲೆ ನಿಜವಾಗಲೂ ಇದೆ. ಒಂದೇ ಒಂದು ಸಾಲು. ಆ ಸಾಲು ಎಲ್ಲಿಂದ ಬಂತು, ಯಾರ ಕೂಸಿನ ಬಗ್ಗೆ ಬರೆದದ್ದು ಅಂತ ಹುಡುಕಿಕೊಂಡು ಹೋದರೆ ಬೆಕ್ಕಿಗಿಂತ ದೊಡ್ಡ ಕಥೆಯೇ ಸಿಗುತ್ತೆ.

ಮೊದಲು ಪ್ರಾಣಿಗಳ ಪರಿಚಯ ಆಗಲಿ. ದಕ್ಷಿಣ ಭಾರತದ ಮಾತಿಗೆ ಬೇಕಾದ ಸಣ್ಣ ಕಾಡುಬೆಕ್ಕುಗಳು ನಾಲ್ಕು. ಬಯಲು, ಹೊಲದಂಚು, ಕೆರೆಯ ಜೊಂಡು, ಕಬ್ಬಿನ ಗದ್ದೆ ಎಲ್ಲ ಕಡೆ ಇರೋದು ಕಾಡುಬೆಕ್ಕು, ಇಂಗ್ಲಿಷಿನ ಜಂಗಲ್ ಕ್ಯಾಟ್. ಹೆಸರಲ್ಲಿ ಕಾಡಿದ್ದರೂ ದಟ್ಟ ಕಾಡು ಅದಕ್ಕೆ ಆಗಿಬರಲ್ಲ. ಉದ್ದ ಕಾಲು, ಗಿಡ್ಡ ಬಾಲ, ಮಣ್ಣಿನ ಬಣ್ಣ, ಮೈಮೇಲೆ ಚುಕ್ಕೆ ಇಲ್ಲ. ಮಲೆನಾಡಿನ ಕಡೆ ಚಿರತೆ ಬೆಕ್ಕು ಇದೆ, ಮನೆ ಬೆಕ್ಕಿನಷ್ಟೇ ಗಾತ್ರ, ಮೈತುಂಬ ಚಿರತೆಯ ಹಾಗೆ ಚುಕ್ಕೆ. ಮೂರನೆಯದು ತುಕ್ಕು ಬಣ್ಣದ ಚುಕ್ಕೆಯಿರೋ ಪುಟ್ಟ ಬೆಕ್ಕು, ಜಗತ್ತಿನ ಅತಿ ಸಣ್ಣ ಕಾಡುಬೆಕ್ಕುಗಳಲ್ಲಿ ಒಂದು, ದೊಡ್ಡದಾದರೂ ಒಂದೂವರೆ ಕೆಜಿ ಆಸುಪಾಸು. ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ಸಮೇತ ಅದಕ್ಕಿಂತ ತೂಕ ಬರುತ್ತೆ. ನಾಲ್ಕನೆಯದು ಫಿಶಿಂಗ್ ಕ್ಯಾಟ್, ನೀರಿಗೆ ಇಳಿದು ಮೀನು ಹಿಡಿಯೋ ಬೆಕ್ಕು. ನಾಲ್ಕರಲ್ಲಿ ಗಟ್ಟಿ ಆಳು ಇದೇ. ದೊಡ್ಡ ಗಂಡು 15 ಕೆಜಿ ದಾಟೋದೂ ಉಂಟು. ಇದನ್ನ ಮೀನುಬೆಕ್ಕು ಅಂತ ಕರೆಯೋಣ. ನಮ್ಮ ಕಥೆಯ ಆರೋಪಿ ಇದೇ.

ಪುನುಗು ಬೆಕ್ಕು ಈ ಲೆಕ್ಕದಲ್ಲಿಲ್ಲ. ಹೆಸರಲ್ಲಿ ಬೆಕ್ಕು ಅಂತಿದ್ದರೂ ಅದರ ಕುಲವೇ ಬೇರೆ. ಚೆನ್ನೈಯ ಹಳೆ ಮನೆಗಳ ಅಟ್ಟದಲ್ಲಿ ರಾತ್ರಿ ಓಡಾಡೋದು ಬಹಳ ಸಲ ಅದರ ಜಾತಿಯದೇ. ತಮಿಳರು ಅದನ್ನ ಮರನಾಯ್ ಅಂತಾರೆ. ನಮಗೆ ಬೆಕ್ಕಾಗಿ ಕಂಡಿದ್ದು ಅವರಿಗೆ ನಾಯಿ!

ನಗಬೇಡಿ, ಈ ಹೆಸರುಗಳ ಗೊಂದಲವೇ ಅರ್ಧ ಸಮಸ್ಯೆ. ಪುಲಿ ಅನ್ನೋದು ಹಳಗನ್ನಡದಲ್ಲೂ ಪುಲಿಯೇ. ಪಕಾರ ಹಕಾರವಾಗಿ ನಮ್ಮಲ್ಲಿ ಹುಲಿ ಆಯ್ತು, ತಮಿಳಿನಲ್ಲಿ ಹಾಗೇ ಉಳಿಯಿತು. ಆದರೆ ಮಾತಿನಲ್ಲಿ ತಮಿಳರು ಚಿರತೆಗೂ ಪುಲಿ ಅಂದುಬಿಡ್ತಾರೆ, ನಮ್ಮ ಹಳ್ಳಿಗಳಲ್ಲೂ ಚಿರತೆ ಕಂಡರೆ ಹುಲಿ ಬಂತು ಅನ್ನೋದು ಮಾಮೂಲಿ. ಈ ಗೊಂದಲದಲ್ಲಿ ಇಂಗ್ಲಿಷಿನವರೂ ಕಮ್ಮಿ ಇರಲಿಲ್ಲ. 19ನೇ ಶತಮಾನದ ಅವರ ಪುಸ್ತಕಗಳಲ್ಲಿ ಮೀನುಬೆಕ್ಕಿನ ಹೆಸರು ಏನು ಗೊತ್ತಾ? ಟೈಗರ್ ಕ್ಯಾಟ್. ಹುಲಿ ಬೆಕ್ಕು. ಆ ಹೆಸರಿಟ್ಟ ಮೇಲೆ ಅದು ಸುಮ್ಮನೆ ಮೀನು ತಿಂದುಕೊಂಡು ಇರುತ್ತೆ ಅಂತ ಓದುಗರು ನಂಬೋದಾದರೂ ಹೇಗೆ.

ಈಗ ಸಾಲಿಗೆ ಬರೋಣ. ನಮ್ಮ ಕೆಲಸದಲ್ಲಿ ಪ್ರೊಡಕ್ಷನ್‌ನಲ್ಲಿ ಒಂದು ವಿಚಿತ್ರ ಸಾಲು ಕಂಡರೆ ಏನ್ಮಾಡ್ತೀವಿ? ಗಿಟ್ ಬ್ಲೇಮ್ ಹಾಕ್ತೀವಿ. ಯಾರು ಬರೆದದ್ದು, ಯಾವಾಗ ಬರೆದದ್ದು, ಯಾರ ಕೋಡಿನಿಂದ ಎತ್ತಿದ್ದು. ಮೀನುಬೆಕ್ಕು ಹಸುಗೂಸನ್ನು ಒಯ್ಯುತ್ತಂತೆ ಅನ್ನೋ ಮಾತಿಗೂ ಅದನ್ನೇ ಮಾಡೋಣ. ವೆಬ್‌ನಲ್ಲಿ ಓಡಾಡೋ ಪ್ರಾಣಿ ಲೇಖನಗಳಿಂದ ಹಿಂದಕ್ಕೆ ಹೋಗ್ತಾ ಹೋದರೆ ಹಳೆಯ ಬೇಟೆ ಪುಸ್ತಕಗಳು, ಪ್ರಾಣಿಕೋಶಗಳು. ಅವುಗಳ ಹಿಂದೆ 1884ರಲ್ಲಿ ಬಂದ ಸ್ಟರ್ನ್‌ಡೇಲ್ ಅವರ ಭಾರತ ಮತ್ತು ಸಿಲೋನಿನ ಸಸ್ತನಿಗಳ ಪುಸ್ತಕ. ಸ್ಟರ್ನ್‌ಡೇಲ್ ಅದನ್ನ ಎತ್ತಿದ್ದು ಥಾಮಸ್ ಜೆರ್ಡನ್ 1867ರಲ್ಲಿ ಪ್ರಕಟಿಸಿದ "ದಿ ಮ್ಯಾಮಲ್ಸ್ ಆಫ್ ಇಂಡಿಯಾ"ದಿಂದ. ಎತ್ತಿದ್ದೇನು, ಹೆಚ್ಚುಕಮ್ಮಿ ಇದ್ದಹಾಗೇ ಕಾಪಿ ಪೇಸ್ಟ್.

ಜೆರ್ಡನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಈತ ಮದ್ರಾಸ್ ಸೇನೆಯ ಡಾಕ್ಟರು. ವೃತ್ತಿ ವೈದ್ಯ, ಹುಚ್ಚು ಹಕ್ಕಿ ಮತ್ತು ಪ್ರಾಣಿಗಳದ್ದು. ನೆಲ್ಲೂರು, ತಲಶ್ಶೇರಿ ಹೀಗೆ ಎಲ್ಲೆಲ್ಲಿ ಡ್ಯೂಟಿ ಹಾಕಿದರೋ ಅಲ್ಲೆಲ್ಲ ಪ್ರಾಣಿ ಹಿಡಿಸಿ, ಬರೆಸಿ, ಬಿಡಿಸಿ ಇಟ್ಟವನು. ಆತ ಕರ್ನಾಟಿಕ್ ಅಂತ ಬರೆದಾಗ ನಮ್ಮ ಕರ್ನಾಟಕ ಅಂದುಕೊಳ್ಳಬೇಡಿ. ಆಗಿನ ಇಂಗ್ಲಿಷಿನಲ್ಲಿ ಕರ್ನಾಟಿಕ್ ಅಂದರೆ ಮದ್ರಾಸಿನ ಸುತ್ತಲ ಈ ಬಯಲು, ಅಂದರೆ ನಾವು ಈಗ ಕೂತಿರೋ ಮಣಲಿಯೂ ಸೇರಿದ ನೆಲ. ಈ ನೆಲದ ಪುಟ್ಟ ಬೆಕ್ಕಿನ ಬಗ್ಗೆ ಆತ ಬರೆದದ್ದು ಓದಲೇಬೇಕಾದ್ದು.

ಆ ತುಕ್ಕುಚುಕ್ಕೆಯ ಬೆಕ್ಕನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದ್ದು 1831ರಲ್ಲಿ ಫ್ರಾನ್ಸಿನ ಇಸಿಡೋರ್ ಜೆಫ್ರುವಾ ಸೇಂಟ್ ಹಿಲೇರ್. ಅವನ ಕೈಗೆ ಸಿಕ್ಕಿದ ಮಾದರಿ ಹೋಗಿದ್ದು ಪುದುಚೇರಿಯಿಂದ, ಇಲ್ಲಿಂದ ಮೂರು ಗಂಟೆ ದಾರಿ. ಇದು ಕಾಡಿನಲ್ಲಿ ಇರೋದಲ್ಲ, ಒಣಗಿದ ಕೆರೆಯಂಗಳದ ಹುಲ್ಲು, ಕುರುಚಲು, ಊರ ಹತ್ತಿರದ ಚರಂಡಿಗಳಲ್ಲಿ ಇರೋದು ಅಂತ ಜೆರ್ಡನ್ ಬರೆಯುತ್ತಾನೆ. 1846ರಲ್ಲಿ ಅವನಿಗೆ ಒಂದು ಮರಿ ಸಿಕ್ಕಿತು. ಸಾಕಿದ. ಬಂದವರೆಲ್ಲ ಮುದ್ದು ಮಾಡೋ ಹಾಗೆ ಪಳಗಿತು. ಎಂಟು ತಿಂಗಳಾದಾಗ ಅದನ್ನ ಒಂದು ಚಿಂಕಾರ ಮರಿ ಇದ್ದ ಕೋಣೆಗೆ ಬಿಟ್ಟ. ಕಂಡ ಕ್ಷಣವೇ ಹಾರಿ ಅದರ ಕತ್ತಿನ ಹಿಂಭಾಗಕ್ಕೆ ಬಾಯಿ ಹಾಕಿತಂತೆ, ಬಿಡಿಸೋದೇ ಕಷ್ಟವಾಯಿತಂತೆ.

ಒಂದೂವರೆ ಕೆಜಿಯ ಪ್ರಾಣಿ! ಸಣ್ಣ ಕಾಡುಬೆಕ್ಕು ಅಂದರೆ ಏನು ಅನ್ನೋದು ಇದರಲ್ಲೇ ಇದೆ. ಕೈಗೂಸಾಗಿ ಬೆಳೆದದ್ದು ಮನುಷ್ಯರ ಮೇಲೆ ಎಗರಲಿಲ್ಲ, ಆದರೆ ಬೇಟೆಯ ಆಕಾರ ಕಂಡ ತಕ್ಷಣ ಒಳಗಿದ್ದದ್ದು ಹೊರಗೆ ಬಂತು. ಬೆಂಗಳೂರಿನಲ್ಲಿ ಈಗ ಬೆಂಗಾಲ್ ಕ್ಯಾಟ್ ಅಂತ ದುಬಾರಿ ಬೆಕ್ಕುಗಳನ್ನ ಸಾಕ್ತಾರಲ್ಲ, ಆ ತಳಿ ಹುಟ್ಟಿದ್ದೇ ಚಿರತೆ ಬೆಕ್ಕಿಗೂ ಮನೆ ಬೆಕ್ಕಿಗೂ ಕೂಡಿಸಿ. ಹಾಗಂತ ಮರಿ ಚೆನ್ನಾಗಿದೆ ಅಂತ ಹೊಲದಿಂದ ಕಾಡುಬೆಕ್ಕು ಎತ್ತಿಕೊಂಡು ಬಂದು ಮಗುವಿನ ಪಕ್ಕ ಬಿಡೋ ಕೆಲಸ ಮಾಡಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ ಕೂಡ.

ಮೀನುಬೆಕ್ಕಿನ ವಿಚಾರಕ್ಕೆ ಬಂದರೆ ಜೆರ್ಡನ್ ಹೇಳೋದು ಹೀಗೆ: ಇದು ಕರ್ನಾಟಿಕ್ ಬಯಲಲ್ಲಿ ಇರೋ ಸುದ್ದಿ ತಾನು ಕೇಳಿಲ್ಲ, ಆದರೆ ತಿರುವಾಂಕೂರಿನಲ್ಲಿ ಸಾಕಷ್ಟಿದೆ, ಮಲಬಾರ್ ಕರಾವಳಿಯಲ್ಲಿ ಮಂಗಳೂರಿನ ತನಕ ಹರಡಿದೆ. ತಲಶ್ಶೇರಿಯಲ್ಲಿ ತನ್ನ ಮನೆ ಹತ್ತಿರವೇ ಒಂದನ್ನು ಕೊಲ್ಲಿಸಿದ್ದಾಗಿಯೂ ಹೇಳುತ್ತಾನೆ. ಆಮೇಲೆ ಬರುತ್ತೆ ಆ ಸಾಲು. ಬೇಕರ್ ಅನ್ನೋ ಒಬ್ಬ ಪಾದ್ರಿ ಮಲಬಾರಿನಲ್ಲಿ ಈ ಬೆಕ್ಕಿನ ನಡತೆ ಬಗ್ಗೆ ಬರೆದಿದ್ದಾರೆ, ಇದು ಬೀದಿನಾಯಿಗಳನ್ನು ಆಗಾಗ ಕೊಲ್ಲುತ್ತೆ, ಎಳೆಗರುಗಳನ್ನೂ ಕೊಲ್ಲುತ್ತೆ, ಮತ್ತೆ ಗುಲಾಮರ ಹಸುಗೂಸುಗಳನ್ನು ಗುಡಿಸಲಿನಿಂದ ಒಯ್ದ ಪ್ರಸಂಗಗಳು ತಮಗೆ ಗೊತ್ತು ಅನ್ನುತ್ತಾರೆ ಅಂತ.

ಇಷ್ಟೇ. ಊರಿಲ್ಲ, ವರ್ಷ ಇಲ್ಲ, ಎಷ್ಟು ಕೂಸು ಅನ್ನೋ ಲೆಕ್ಕ ಇಲ್ಲ. ಜೆರ್ಡನ್ ಕಂಡಿದ್ದಲ್ಲ, ಬೇಕರ್ ಹೇಳಿದ್ದು. ಬೇಕರ್ ಕೂಡ ಗೊತ್ತು ಅಂದರೇ ಹೊರತು ಕಂಡೆ ಅನ್ನಲಿಲ್ಲ. ಅವರಿಗೆ ಹೇಳಿದವರು ಯಾರೋ. ಮೂರು ಕೈ ದಾಟಿದ ಮಾತು.

ನನಗೆ ಈ ಸಾಲಿನಲ್ಲಿ ಬೆಕ್ಕಿಗಿಂತ ಹೆಚ್ಚು ಚುಚ್ಚಿದ್ದು "ಗುಲಾಮರ" ಅನ್ನೋ ಪದ. ನಮಗೆ ಗುಲಾಮಗಿರಿ ಅಂದರೆ ಅಮೆರಿಕದ ಹತ್ತಿ ಹೊಲ ನೆನಪಾಗುತ್ತೆ, ಇಲ್ಲಿಂದ ಒಂದು ರಾತ್ರಿಯ ರೈಲು ದಾರಿಯ ಭತ್ತದ ಗದ್ದೆ ನೆನಪಾಗಲ್ಲ. ಕೇರಳದ ಗದ್ದೆಗಳಲ್ಲಿ ಪುಲಯ, ಪರಯ ಮುಂತಾದ ದಲಿತ ಸಮುದಾಯದ ಜನರನ್ನು ಭೂಮಿಯ ಜೊತೆಗೆ ಮಾರುತ್ತಿದ್ದರು, ಅಡ ಇಡುತ್ತಿದ್ದರು, ಗುತ್ತಿಗೆಗೆ ಕೊಡುತ್ತಿದ್ದರು. ಕಂಪನಿ ಆಳ್ವಿಕೆಯ ಪ್ರದೇಶದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದದ್ದು 1843ರ ಐದನೇ ಕಾಯ್ದೆ. ತಿರುವಾಂಕೂರು ಸಂಸ್ಥಾನದಲ್ಲಿ ರಾಜಾಜ್ಞೆ ಬಂದಿದ್ದು 1855ರಲ್ಲಿ. ಜೆರ್ಡನ್ ಪುಸ್ತಕ ಬಂದಾಗ ಅದಕ್ಕೆ ಬರೀ ಹನ್ನೆರಡು ವರ್ಷ. ಕಾಗದದಲ್ಲಿ ಬಿಡುಗಡೆ ಆಗಿತ್ತು, ಗುಡಿಸಲು ಅದೇ ಗುಡಿಸಲು.

ಆ ಗುಡಿಸಲು ಎಲ್ಲಿತ್ತು ಅನ್ನೋದನ್ನ ಯೋಚಿಸಿ. ಊರೊಳಗೆ ಅಲ್ಲ, ಊರಿಗೆ ಅವರು ಕಾಲಿಡೋ ಹಾಗಿರಲಿಲ್ಲ. ನೀರು ನಿಂತ ಗದ್ದೆಯ ಬದುವಿನ ಮೇಲೆ, ಬೆಳೆ ಕಾಯೋಕೆ ಅನುಕೂಲ ಆಗೋ ಹಾಗೆ, ನಾಲ್ಕು ಗಳ ನೆಟ್ಟು ಸೋಗೆ ಹೊದಿಸಿದ ಪುಟ್ಟ ಗೂಡು. ಭದ್ರವಾದ ಬಾಗಿಲು ಅನ್ನೋ ಮಾತೇ ಇಲ್ಲ. ಬೆಳಗಾದರೆ ತಾಯಿ ಮೊಣಕಾಲುದ್ದ ಕೆಸರಿನಲ್ಲಿ. ಕೂಸನ್ನು ಅವಳು ಎಲ್ಲಿ ಬಿಡಬೇಕು? ಗುಡಿಸಲಿನಲ್ಲಿ, ಇಲ್ಲ ಬದುವಿನ ಮೇಲೆ ಬಟ್ಟೆ ಹಾಸಿ. ಕತ್ತಲಲ್ಲಿ ಆ ಬದುವಿನ ಮೇಲೆ ಯಾವ ಪ್ರಾಣಿ ಬೇಕಾದರೂ ಓಡಾಡಬಹುದು. ನರಿ, ಬೀದಿನಾಯಿ, ಬೆಟ್ಟದ ಬುಡದ ಕಡೆ ಆದರೆ ಚಿರತೆ.

ಹಾಗಾಗಿ ನನ್ನ ತೀರ್ಮಾನ ಇದು. ಕೂಸುಗಳು ಹೋದದ್ದನ್ನು ನಾನು ನಂಬ್ತೀನಿ. ಹೆತ್ತವರು ಸುಳ್ಳು ಅಳಲ್ಲ. ಒಯ್ದದ್ದು ಮೀನುಬೆಕ್ಕು ಅನ್ನೋದನ್ನ ಮಾತ್ರ ಒಪ್ಪೋಕೆ ಆಧಾರ ಇಲ್ಲ. ಬೆಳಗ್ಗೆ ಎದ್ದಾಗ ಕೂಸಿಲ್ಲ, ಕೆಸರಿನಲ್ಲಿ ಹೆಜ್ಜೆ ಇದೆ. ಅದನ್ನ ಯಾರು ಗುರುತಿಸಿದರು, ಯಾವ ಹೆಸರಿನಿಂದ ಕರೆದರು, ಪಾದ್ರಿ ಅದನ್ನ ಇಂಗ್ಲಿಷಿಗೆ ತರುವಾಗ ಯಾವ ಪ್ರಾಣಿ ಮಾಡಿದರು? ಸರ್ಕಾರಿ ವಿಚಾರಣೆ ನಡೆಯೋದಾದರೆ ಅದು ದೊರೆಗಳ ಮಗುವಾಗಿರಬೇಕಿತ್ತು. ಇಲ್ಲಿ ಆ ಸಾವುಗಳು ಒಂದು ಪ್ರಾಣಿ ಪುಸ್ತಕದಲ್ಲಿ ಅರ್ಧ ವಾಕ್ಯವಾಗಿ ಉಳಿದವು, ಅದೂ ಬೆಕ್ಕಿನ ಗುಣ ವಿವರಿಸೋಕೆ. ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಆ "ಗುಲಾಮರ" ಅನ್ನೋ ಪದವೂ ಉದುರಿಹೋಯಿತು. ಮಣಲಿಯ ವಾಟ್ಸಾಪ್‌ಗೆ ಬಂದು ತಲುಪಿದ್ದು "ಹಸುಗೂಸನ್ನು ಒಯ್ಯುತ್ತೆ" ಅನ್ನೋದಷ್ಟೇ. ಭಯ ಉಳಿಯಿತು, ಬಾಗಿಲಿಲ್ಲದ ಗುಡಿಸಲು ಮಾಯವಾಯಿತು.

ಇನ್ನೊಂದು ಕಥೆಯೂ ಮೀನುಬೆಕ್ಕಿನ ಹೆಸರು ಕೆಡಿಸಿದೆ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ತಿದ್ದ ಎಡ್ವರ್ಡ್ ಬ್ಲೈತ್ ಹೇಳಿದ್ದು: ಹೊಸದಾಗಿ ಹಿಡಿದ ಒಂದು ಗಂಡು ಮೀನುಬೆಕ್ಕು ಬೋನಿನ ಅಡ್ಡಗೋಡೆ ಮುರಿದುಕೊಂಡು ಹೋಗಿ, ತನ್ನ ಎರಡರಷ್ಟಿದ್ದ ಸಾಕಿದ ಎಳೆಯ ಹೆಣ್ಣು ಚಿರತೆಯನ್ನು ಕೊಂದಿತಂತೆ. ಆಗಿರಬಹುದು. ಆದರೆ ಅದು ಬೋನಿನೊಳಗೆ ಹೆದರಿ ಹುಚ್ಚೆದ್ದ ಪ್ರಾಣಿ. ಬೋನಿನ ನಡತೆಯಿಂದ ಬಯಲಿನ ನಡತೆ ಲೆಕ್ಕ ಹಾಕೋದು ಅಂದರೆ ಲೋಡ್ ಟೆಸ್ಟಿನಲ್ಲಿ ಸರ್ವರ್ ಬಿದ್ದದ್ದು ನೋಡಿ ದಿನಾ ಬೀಳುತ್ತೆ ಅಂದ ಹಾಗೆ.

ಈಗ ಕಥೆಯ ತಮಾಷೆಯ ತಿರುವು. ಮಲಬಾರಿನಲ್ಲಿ ಮೀನುಬೆಕ್ಕು ಇದೆಯಾ? 2010ರಲ್ಲಿ ರಜಿತ್ ಜನಾರ್ದನನ್, ಶೋಮಿತಾ ಮುಖರ್ಜಿ ಮತ್ತು ಜೊತೆಗಾರರು ಕೇರಳದ ಕರಾವಳಿ ಪೂರ್ತಿ ಸುತ್ತಿ ಹುಡುಕಿದರು. 2014ರಲ್ಲಿ ಜರ್ನಲ್ ಆಫ್ ಥ್ರೆಟೆಂಡ್ ಟ್ಯಾಕ್ಸಾದಲ್ಲಿ ಫಲಿತಾಂಶ ಪ್ರಕಟ ಆಯ್ತು. ಒಂದೇ ಒಂದು ಗಟ್ಟಿ ಸುಳಿವೂ ಇಲ್ಲ. ಜೆರ್ಡನ್ ತನ್ನ ಮನೆ ಹತ್ತಿರ ಕೊಲ್ಲಿಸಿದ್ದು ನಿಜವಾಗಲೂ ಮೀನುಬೆಕ್ಕೇ ಆಗಿದ್ದರೆ, ಆಗ ಇದ್ದು ಈಗ ಅಳಿದಿರಬೇಕು. ಇಲ್ಲದಿದ್ದರೆ ಕಾಡುಬೆಕ್ಕನ್ನೋ ಪುನುಗನ್ನೋ ನೋಡಿ ಹಾಗೆ ಬರೆದಿರಬೇಕು. ಯಾವುದು ನಿಜವಾದರೂ ಒಂದು ವಿಷಯ ನೋಡಿ: ಮನುಷ್ಯರ ಕೂಸನ್ನು ಒಯ್ಯುತ್ತೆ ಅನ್ನೋ ಪ್ರಸಿದ್ಧ ಆರೋಪ ಹುಟ್ಟಿದ್ದು, ಆ ಪ್ರಾಣಿ ಇತ್ತೋ ಇಲ್ಲವೋ ಅನ್ನೋದೇ ಅನುಮಾನ ಇರೋ ಜಾಗದಲ್ಲಿ!

ಅದು ಖಂಡಿತ ಇರೋ ಜಾಗದಲ್ಲಿ ಏನಾಗುತ್ತಿದೆ? ನಮ್ಮದೇ ಪೂರ್ವ ಕರಾವಳಿಯಲ್ಲಿ ಕೃಷ್ಣಾ, ಗೋದಾವರಿ ನದಿಗಳು ಸಮುದ್ರ ಸೇರೋ ಕಡೆ ಇದೆ. ಒಡಿಶಾದ ಚಿಲಿಕಾ ಸರೋವರದಲ್ಲಿ 2022ರಲ್ಲಿ ಗಣತಿ ಆದಾಗ ಅಂದಾಜು 176 ಮೀನುಬೆಕ್ಕು ಲೆಕ್ಕಕ್ಕೆ ಸಿಕ್ಕವು. ಚಿಲಿಕಾ ಅಂದರೆ ಜನ ಇಲ್ಲದ ಕಾಡಲ್ಲ, ಸುತ್ತ ಮೀನುಗಾರರ ಹಳ್ಳಿಗಳು, ಅಂಗಳದಲ್ಲಿ ಮಕ್ಕಳು. ಪಶ್ಚಿಮ ಬಂಗಾಳದಲ್ಲಂತೂ ಅದು ರಾಜ್ಯ ಪ್ರಾಣಿ, ಹೌರಾದ ಊರುಗಳ ಜೊಂಡಿನಲ್ಲಿ ಜನರ ಮಗ್ಗುಲಲ್ಲೇ ಬದುಕುತ್ತೆ. ಅಲ್ಲಿನ ದೂರು ಏನು? ಕೆರೆಯ ಮೀನು ಕದೀತು, ಬಲೆ ಹರೀತು, ಕೋಳಿ ಹೋಯ್ತು, ಮೇಕೆ ಮರಿ ಹೋಯ್ತು. ಇವು ನಿಜವಾದ ನಷ್ಟ, ಬಡವರ ಪಾಲಿಗೆ ಸಣ್ಣದೇನಲ್ಲ, ಅದಕ್ಕಾಗಿ ಬೆಕ್ಕುಗಳನ್ನು ಹೊಡೆದು ಸಾಯಿಸಿದ್ದೂ ಇದೆ. ಆದರೆ ತೊಟ್ಟಿಲು ಖಾಲಿ ಆಯ್ತು ಅನ್ನೋ ದೂರು ಅಲ್ಲಿಲ್ಲ.

ಹಾಗಾದರೆ ಅಪಾಯವೇ ಇಲ್ವಾ? ಇದೆ ಅಂತ ಮೊದಲೇ ಹೇಳಿದೆ. ಅದರ ಹೆಸರು ರೇಬೀಸ್. ಅಮೆರಿಕದಲ್ಲಿ ಬಾಬ್‌ಕ್ಯಾಟ್ ಅನ್ನೋ ಕಾಡುಬೆಕ್ಕು ಮನುಷ್ಯರ ಮೇಲೆ ಎಗರಿದ ಸುದ್ದಿ ಬಂದಾಗಲೆಲ್ಲ ಡಾಕ್ಟರುಗಳು ಮೊದಲು ಕೇಳೋದು ಅದಕ್ಕೆ ಹುಚ್ಚು ಹಿಡಿದಿತ್ತಾ ಅಂತ, ಯಾಕಂದರೆ ಆರೋಗ್ಯವಾಗಿರೋ ಬೆಕ್ಕು ಮನುಷ್ಯರನ್ನ ಕಂಡರೆ ಓಡುತ್ತೆ. ಓಡದೆ ಹಗಲಲ್ಲೇ ನೇರ ನಿಮ್ಮ ಕಡೆ ಬಂದರೆ ಅದೇ ಎಚ್ಚರಿಕೆಯ ಗಂಟೆ. ಇನ್ನೊಂದು ಸಂದರ್ಭ, ಕೋಳಿಗೂಡಿನಲ್ಲೋ ಮೋಟಾರ್ ರೂಮಿನಲ್ಲೋ ಸಿಕ್ಕಿಹಾಕಿಕೊಂಡ ಬೆಕ್ಕನ್ನ ಕೈಯಲ್ಲಿ ಹಿಡಿಯೋಕೆ ಹೋಗೋದು. ದಾರಿ ಇಲ್ಲದ ಬೆಕ್ಕು ಮುಖಕ್ಕೇ ಹಾರುತ್ತೆ. ಸೂಜಿಯಂಥ ಹಲ್ಲು, ಗಾಯ ಮೇಲೆ ಸಣ್ಣ ಚುಕ್ಕೆಯಂತೆ ಕಾಣುತ್ತೆ, ಒಳಗೆ ಆಳ. ಚುಕ್ಕೆ ತಾನೇ ಅಂತ ಅರಿಶಿನ ಹಚ್ಚಿ ಸುಮ್ಮನಾಗೋದೇ ದೊಡ್ಡ ತಪ್ಪು.

ಇದಕ್ಕೂ ಒಂದು ಇತಿಹಾಸ ಇದೆ. 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ ಭಾರತದ ಮೊದಲ ಪಾಶ್ಚರ್ ಸಂಸ್ಥೆ ಶುರುವಾಯಿತು. ಅಂದರೆ ಈ ಮದ್ರಾಸ್ ಬಯಲಲ್ಲಿ ಹುಚ್ಚು ನಾಯಿಯೋ ನರಿಯೋ ಬೆಕ್ಕೋ ಕಚ್ಚಿದರೆ ರೈಲು ಹತ್ತಿ ಅಲ್ಲಿಯ ತನಕ ಹೋಗಬೇಕಿತ್ತು. ರೋಗ ಕಾಯುತ್ತಾ? ದಕ್ಷಿಣಕ್ಕೆ ಒಂದು ಬೇಕು ಅಂತ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆದದ್ದು 1907ರಲ್ಲಿ. 1911ರ ಹೊತ್ತಿಗೆ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ಕುರಿಯ ಮಿದುಳಿನಿಂದ ಲಸಿಕೆ ಮಾಡಿದ. ನಮ್ಮ ಅಪ್ಪ ಅಮ್ಮಂದಿರು ಹೆದರಿಸುತ್ತಿದ್ದರಲ್ಲ, ನಾಯಿ ಕಚ್ಚಿದರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ, ಅದು ಇದೇ ಲಸಿಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ 2004ರ ಕೊನೆಯ ತನಕ ಅದು ಬಳಕೆಯಲ್ಲಿತ್ತು. ಆ ಹೆದರಿಕೆಗೇ ಎಷ್ಟು ಜನ ಆಸ್ಪತ್ರೆಗೆ ಹೋಗದೆ ಉಳಿದರೋ. ಈಗ ಆ ಕಥೆ ಇಲ್ಲ. ತೋಳಿಗೆ ಕೆಲವೇ ಇಂಜೆಕ್ಷನ್, ಸರ್ಕಾರಿ ಆಸ್ಪತ್ರೆಯಲ್ಲಿ ಕೊಡ್ತಾರೆ. ಯಾವುದೇ ಕಾಡುಪ್ರಾಣಿ ಕಚ್ಚಿದರೂ ನಮ್ಮ ದೇಶದ ನಿಯಮದಲ್ಲಿ ಅದು ಮೂರನೇ ದರ್ಜೆ, ಅಂದರೆ ಅತಿ ಗಂಭೀರ. ಲಸಿಕೆಯ ಜೊತೆಗೆ ಗಾಯದ ಜಾಗಕ್ಕೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ಅದಕ್ಕೂ ಮೊದಲು, ಮನೆಯಲ್ಲೇ, ನಲ್ಲಿ ತಿರುಗಿಸಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ 15 ನಿಮಿಷ.

ಪ್ರಮಾಣ ಎಷ್ಟು ಅಂತಲೂ ನೋಡಿ. 2022-23ರಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತ, ರೇಬೀಸ್‌ನಿಂದ ಸುಮಾರು 5,700 ಸಾವು. ಕಡಿತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ನಾಯಿಯವು. ಮಣಲಿಯ ಆ ಬೀದಿಯಲ್ಲಿ ಮಗುವಿಗೆ ಅಪಾಯ ಯಾವ ಪ್ರಾಣಿಯಿಂದ ಅಂತ ಕೇಳಿದರೆ, ಜೊಂಡಿನೊಳಗಿನ ಬೆಕ್ಕಿಗಿಂತ ಮೊದಲು ಗೇಟಿನ ಮುಂದೆ ಮಲಗಿರೋ ಲಸಿಕೆ ಆಗದ ನಾಯಿಯನ್ನ ನೋಡಬೇಕು. ಅದಕ್ಕೂ ವಿಷ ಉತ್ತರ ಅಲ್ಲ, ಲಸಿಕೆ ಉತ್ತರ.

ಇಷ್ಟಕ್ಕೂ ಈ ಕಾಡುಬೆಕ್ಕು ಮಣಲಿಗೆ ಯಾಕೆ ಬಂತು ಅನ್ನೋದೇ ತಲೆಕೆಳಗಾದ ಪ್ರಶ್ನೆ. ಇದು ಕೊಸಸ್ಥಲೈಯಾರ್ ನದಿ, ಬಕಿಂಗ್‌ಹ್ಯಾಮ್ ಕಾಲುವೆ, ಮಾಧವರಂ ಕಡೆಯ ಕೆರೆಗಳ ನಡುವಿನ ಜೌಗು ನೆಲ. 1965ರಲ್ಲಿ ಮದ್ರಾಸ್ ರಿಫೈನರೀಸ್ ಕಂಪನಿ ಹುಟ್ಟಿತು, 1969ರಲ್ಲಿ ರಿಫೈನರಿ ಶುರುವಾಯಿತು, ಮದ್ರಾಸ್ ಫರ್ಟಿಲೈಸರ್ಸ್ ಬಂತು, ಪೆಟ್ರೋಕೆಮಿಕಲ್ ಘಟಕಗಳು ಬಂದವು, ಆಮೇಲೆ ನಾವೂ ಬಂದೆವು. ಜೆರ್ಡನ್ ಹೇಳಿದ ಒಣ ಕೆರೆಯಂಗಳ ಮತ್ತು ಚರಂಡಿ ಅಂಚು ಈಗ ಲೇಔಟು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಇಲ್ಲಿ ನೀರು ನುಗ್ಗಿದ್ದು, ಎಣ್ಣೆ ಕಾಲುವೆ ಹಿಡಿದು ಎಣ್ಣೂರಿನ ಅಳಿವೆ ತನಕ ಹೋದದ್ದು ನಿಮಗೆ ನೆನಪಿರಬಹುದು. ಜೊಂಡೆಲ್ಲ ಮುಳುಗಿದಾಗ ಅದರೊಳಗಿನ ಜೀವಗಳು ಒಣ ಜಾಗ ಹುಡುಕಿಕೊಂಡು ಬರುತ್ತವೆ. ಒಣ ಜಾಗ ಅಂದರೆ ನಮ್ಮ ಪಾರ್ಕಿಂಗ್.

ಬಂದು ಏನು ತಿನ್ನುತ್ತೆ? ಇಲಿ, ಹೆಗ್ಗಣ. ಶೋಮಿತಾ ಮುಖರ್ಜಿ ಅಂದೆನಲ್ಲ, ಅವರೇ ಇದಕ್ಕೂ ಮೊದಲು ರಾಜಸ್ಥಾನದ ಸರಿಸ್ಕಾದಲ್ಲಿ ಕಾಡುಬೆಕ್ಕಿನ ಊಟದ ಲೆಕ್ಕ ತೆಗೆದಿದ್ದರು, 2004ರಲ್ಲಿ ಅಚ್ಚಾಯಿತು. ಒಂದು ಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿ, ವರ್ಷಕ್ಕೆ ಸಾವಿರದಿಂದ 1,800ರ ತನಕ. ಮಳೆ ನಿಂತ ಮೇಲೆ ಚೆನ್ನೈಯಲ್ಲಿ ಇಲಿ ಜ್ವರದ ಕೇಸುಗಳು ಬರೋದನ್ನ ಕಂಡವರಿಗೆ ಈ ಲೆಕ್ಕದ ಬೆಲೆ ಗೊತ್ತು. ಚೀನಾದಲ್ಲಿ ಐದು ಸಾವಿರ ವರ್ಷ ಹಿಂದೆಯೇ ಚಿರತೆ ಬೆಕ್ಕುಗಳು ಬೇಸಾಯದ ಹಳ್ಳಿಗಳಲ್ಲಿ ಇದ್ದದ್ದಕ್ಕೆ ಮೂಳೆಗಳ ಸಾಕ್ಷಿ ಇದೆ, ಅಲ್ಲೂ ಕಣಜ ಇತ್ತು, ಕಣಜದಲ್ಲಿ ಇಲಿ ಇತ್ತು. ವಿಷ ಇಟ್ಟರೆ ಬೆಕ್ಕು ತಿನ್ನುತ್ತೋ ಇಲ್ಲವೋ, ಬೀದಿ ನಾಯಿ, ಕಾಗೆ, ಅಂಗಳದಲ್ಲಿ ಅಂಬೆಗಾಲಿಡೋ ಮಗು, ಯಾರ ಕೈಗೆ ಬೇಕಾದರೂ ಸಿಗುತ್ತೆ. ಆ ತಾಯಿಗೆ ನಾನು ಹೇಳಿದ್ದು ಇದೇ: ಕಿಟಕಿಗೆ ಜಾಲರಿ ಹಾಕಿಸಿ, ಕಸದ ಬುಟ್ಟಿಗೆ ಮುಚ್ಚಳ ಹಾಕಿ, ಉಳಿದ ಅನ್ನ ಹಿತ್ತಲಿಗೆ ಚೆಲ್ಲಬೇಡಿ. ನೀವು ಅನ್ನ ಚೆಲ್ಲಿದರೆ ಹೆಗ್ಗಣ, ಹೆಗ್ಗಣ ಬಂದರೆ ಬೆಕ್ಕು.

ಯಾರು ಯಾರಿಗೆ ಅಪಾಯ ಅನ್ನೋ ಪ್ರಶ್ನೆಗೆ ಇನ್ನೊಂದು ಅಂಕಿ ಮಾತ್ರ ಹೇಳ್ತೀನಿ. 1979ರಲ್ಲಿ ಚರ್ಮದ ರಫ್ತು ನಿಂತಾಗ ನಮ್ಮ ವ್ಯಾಪಾರಿಗಳು ತಾವೇ ಘೋಷಿಸಿದ ದಾಸ್ತಾನಿನಲ್ಲಿ ಕಾಡುಬೆಕ್ಕಿನ ಚರ್ಮಗಳೇ 3 ಲಕ್ಷ ಮೀರಿದ್ದವು. ಗೋದಾಮಿನಲ್ಲಿ ಉಳಿದದ್ದರ ಲೆಕ್ಕ ಅದು, ಅದಕ್ಕೂ ಮೊದಲು ಹಡಗು ಹತ್ತಿ ಹೋದದ್ದು ಬೇರೆ.

ಊರಿಗೆ ಹೋದಾಗ ನಿಮಗೆ ಉಪಯೋಗಕ್ಕೆ ಬರೋ ಒಂದು ವಿಷಯ. ಮಂಡ್ಯ, ಮೈಸೂರು ಕಡೆ ಕಬ್ಬು ಕಡಿಯೋ ಕಾಲದಲ್ಲಿ "ಚಿರತೆ ಮರಿ ಸಿಕ್ತು" ಅಂತ ಸುದ್ದಿ ಆಗೋದು, ಅರಣ್ಯ ಇಲಾಖೆಯವರು ಬಂದು ನೋಡಿ ಕಾಡುಬೆಕ್ಕಿನ ಮರಿ ಅನ್ನೋದು ಇದ್ದದ್ದೇ. ಅಷ್ಟರಲ್ಲಿ ಸೆಲ್ಫಿ ಆಗಿರುತ್ತೆ, ಹಾಲು ಕುಡಿಸಿರುತ್ತಾರೆ, ಒಂದಿಬ್ಬರಿಗೆ ಪರಚಿರುತ್ತೆ, ಅವರು ಈಗ ಆಸ್ಪತ್ರೆಗೆ ಓಡಬೇಕು. ಚಿರತೆ ಮರಿಯೋ ಬೆಕ್ಕಿನ ಮರಿಯೋ ಅಂತ ಗೊತ್ತಾಗದಿದ್ದರೂ ಮಾಡೋ ಕೆಲಸ ಒಂದೇ: ಮುಟ್ಟಬೇಡಿ, ಇಲಾಖೆಗೆ ಫೋನ್ ಮಾಡಿ, ಆ ಮೂಲೆಯ ಕಟಾವು ನಿಲ್ಲಿಸಿ ದೂರ ಬನ್ನಿ. ಮಹಾರಾಷ್ಟ್ರದ ಜುನ್ನರ್ ಕಡೆ ಇದನ್ನ ವರ್ಷಗಳಿಂದ ಮಾಡಿಕೊಂಡು ಬಂದಿದ್ದಾರೆ. ಮರಿಗಳನ್ನ ಸಿಕ್ಕಿದ ಜಾಗದಲ್ಲೇ ಒಂದು ಬುಟ್ಟಿಯಲ್ಲಿಟ್ಟು ಕತ್ತಲಾಗೋಕೆ ಕಾಯ್ತಾರೆ. ಜನರ ಸದ್ದು ಅಡಗಿದ ಮೇಲೆ ತಾಯಿ ಬರುತ್ತೆ, ಸುತ್ತ ಮೂಸಿ ನೋಡುತ್ತೆ, ಕತ್ತಿನ ಹಿಂದಿನ ಚರ್ಮ ಕಚ್ಚಿಕೊಂಡು ಒಂದೊಂದೇ ಮರಿಯನ್ನ ಹೊತ್ತುಕೊಂಡು ಹೋಗುತ್ತೆ.